ಪಾಸ್ ಮೇಷ್ಟ್ರ ಮಗ

ಪಾಸ್ ಮೇಷ್ಟ್ರು ಎಂದರೆ ಸಾಕು, ಆ ಬೀದಿಯಲ್ಲಿ ಯಾರೂ ಯಾವ ಮೇಷ್ಟ್ರು ಎಂದು ಕೇಳುತ್ತಿರಲಿಲ್ಲ. ಮೇಲಿಂದ ಮೇಲೆ ಡುಮ್ಕಿ ಹೊಡೆದು, ಹೆತ್ತವರೇ ಕೈಚೆಲ್ಲಿದ ಮಕ್ಕಳನ್ನು ಮನೆಯ ಊಟದ ಮೇಜಿನ ಸುತ್ತ ಕೂರಿಸಿಕೊಂಡು, ಬರುವ ಪ್ರಶ್ನೆಗಳನ್ನು ವಾಸನೆಯಲ್ಲೇ ಹಿಡಿದು, ಉತ್ತರ ಬಾಯಿಪಾಠ ಮಾಡಿಸಿ ದಡ ಮುಟ್ಟಿಸುತ್ತಿದ್ದವರು ಅವರು. "ಅರ್ಥ ಆಮೇಲೆ ಮಾಡ್ಕೊಳ್ಳೋಣ, ಮೊದಲು ಪಾಸಾಗು" ಎನ್ನುವುದು ಅವರ ಮಂತ್ರ. ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಮಂತ್ರ ಹಾಗೇ ಇತ್ತು, ಮೇಜೂ ಹಾಗೇ ಇತ್ತು. ಅದು ಅಲುಗಾಡದಿರಲೆಂದು ಒಂದು ಕಾಲಿನ ಕೆಳಗೆ ಇಟ್ಟ ಹಳೆಯ ಗಣಿತದ ಪುಸ್ತಕವೂ ಹಾಗೇ ಇತ್ತು.

ಈಗ ಆ ಮೇಜಿನ ಮುಂದೆ ಅವರ ಸ್ವಂತ ಮಗನೇ ಕೂತಿದ್ದ. ತಟ್ಟೆಯಲ್ಲಿ ಅನ್ನ ಬೇಳೆ ಕಲಸಿಕೊಂಡು, ಕಲಸುತ್ತಲೇ ಇದ್ದ. ಬಾಯಿಗೆ ಹೋಗುತ್ತಿರಲಿಲ್ಲ.

"ರೀ, ಆರಿಹೋಗುತ್ತೆ, ತಿನ್ನಿ" ಎಂದಳು ಹೆಂಡತಿ.

"ತಿಂತಿದೀನಲ್ಲ."

ಅವನು ಕ್ರೇನ್ ಓಡಿಸುವವನು. ದೊಡ್ಡ ಕಟ್ಟಡ ಏಳುವ ಕಡೆ ಆಕಾಶಕ್ಕೆ ತೋಳು ಚಾಚಿ ನಿಂತಿರುತ್ತದಲ್ಲ, ಅಂಥ ಎತ್ತರದ ಕ್ರೇನು. ಬೆಳಗ್ಗೆ ಏಣಿ ಹತ್ತಿ ಮೇಲಿನ ಗಾಜಿನ ಗೂಡಿನಲ್ಲಿ ಕೂತರೆ ಇಳಿಯುವುದು ಸಂಜೆಗೇ. ಕೆಳಗಿನವರು ಎಷ್ಟು ಕೂಗಿದರೂ ಮೇಲೆ ಕೇಳುವುದಿಲ್ಲ. ವಾಕಿಟಾಕಿ ಇತ್ತು, ಆದರೆ ಅದರ ಗೊರಗೊರ ಸದ್ದನ್ನು ನಂಬಿದವರಿಲ್ಲ. ಕೆಳಗೆ ಒಬ್ಬ ನಿಂತು ಕೈಸನ್ನೆ ಮಾಡುತ್ತಾನೆ; ಮೇಲಿನವನು ಅವನ ಕೈ ನೋಡಿಕೊಂಡೇ ಎತ್ತುವುದು, ಇಳಿಸುವುದು. ವರ್ಷಾನುಗಟ್ಟಲೆ ಇವನಿಗೆ ಸನ್ನೆ ಮಾಡುತ್ತಿದ್ದವನು ಒಬ್ಬನೇ. ದಿನವಿಡೀ ಒಂದು ಮಾತಿಲ್ಲದೆ ಜೊತೆಗಿದ್ದು, ಸಂಜೆ ಒಟ್ಟಿಗೆ ಚಹಾ ಕುಡಿಯುವಾಗಲೂ ಹೆಚ್ಚು ಮಾತಾಡದ ಸ್ನೇಹ ಅವರದು. ಒಂದು ದಿನ ಇವನು ಎತ್ತಿದ್ದ ಕಬ್ಬಿಣದ ಸರಳುಗಳ ಹೊರೆ ಕಟ್ಟಿನಿಂದ ಜಾರಿ ಆ ಸ್ನೇಹಿತನ ಮೇಲೆಯೇ ಬಿತ್ತು; ಅವನು ಅಲ್ಲೇ ಸತ್ತ. ವಿಚಾರಣೆ ನಡೆಯಿತು. ಹೊರೆಗೆ ಬಿಗಿದ ಪಟ್ಟಿ ಸವೆದುಹೋಗಿತ್ತು, ಕ್ರೇನಿನವನ ತಪ್ಪು ಎಳ್ಳಷ್ಟೂ ಇಲ್ಲ ಎಂದರು. ಎಲ್ಲರೂ ಸಮಾಧಾನದ ಉಸಿರು ಬಿಟ್ಟರು. ಇವನು ಮಾತ್ರ ಬಿಡಲಿಲ್ಲ.

ಅಂದಿನಿಂದ ಮನೆಯಲ್ಲೇ ಇದ್ದ. ಬಚ್ಚಲಿಗೆ ಹೋದರೆ ನಲ್ಲಿ ಬಿಟ್ಟುಕೊಂಡು ನಿಂತೇಬಿಡುವನು. ಬಕೆಟ್ಟು ತುಂಬಿ ಚೆಲ್ಲಿ, ಹೊರಗೆ ಮಗಳು ಕಾಲೇಜಿಗೆ ಹೊತ್ತಾಯಿತೆಂದು ಬಾಗಿಲು ಬಡಿಯುವಳು. ಹಾಸಿಗೆಯಲ್ಲಿ ಅವನು ಕಣ್ಣು ಮುಚ್ಚಿರುತ್ತಿದ್ದ, ಆದರೆ ನಿದ್ರೆ ಮಾಡುವವರ ಉಸಿರು ಹಾಗಿರುವುದಿಲ್ಲವೆಂದು ಪಕ್ಕದಲ್ಲಿ ಮಲಗುವ ಹೆಂಡತಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳಿಗೂ ಸರಿಯಾಗಿ ನಿದ್ರೆ ಇರಲಿಲ್ಲ. ಬೆಳಗ್ಗೆ ಎದ್ದರೆ ಮೈಯೆಲ್ಲ ಜಜ್ಜಿಹಾಕಿದ ಹಾಗಿರುತ್ತಿತ್ತು.

ಕಂಪನಿಯ ಮ್ಯಾನೇಜರ್ ಫೋನು ಮಾಡಿದ್ದು ಅವಳಿಗೇ.

"ಮೇಡಂ, ಬೇಜಾರು ಮಾಡ್ಕೋಬೇಡಿ, ಇದು ರೂಲ್ಸು. ಸೈಕಾಲಜಿಸ್ಟ್ ಹತ್ರ ಅಸೆಸ್‌ಮೆಂಟ್ ಮಾಡಿಸಿ, ಮೇಲೆ ಹತ್ತೋದಕ್ಕೆ ಅಡ್ಡಿಯಿಲ್ಲ ಅಂತ ಬರೆಸ್ಕೊಂಡು ಬನ್ನಿ. ಅಲ್ಲೀವರೆಗೂ ಅರ್ಧ ಸಂಬಳ. ತುಂಬಾ ದಿನ ಆದ್ರೆ ಬೇರೆಯವರನ್ನ ಹತ್ತಿಸಬೇಕಾಗುತ್ತೆ. ನನ್ನ ಕೈಯಲ್ಲೂ ಏನಿಲ್ಲ."

ಊಟದ ಹೊತ್ತಿಗೆ ಅವಳು ವಿಷಯ ಎತ್ತಿದಳು. ಮೇಷ್ಟ್ರು ಚಮಚ ಕೆಳಗಿಟ್ಟರು.

"ನನ್ನ ಮಗನಿಗೆ ಹುಚ್ಚಾ?"

"ಹಾಗಂತ ಯಾರು ಅಂದ್ರು ತಾತ?" ಎಂದಳು ಮೊಮ್ಮಗಳು. "ಸೈಕಿಯಾಟ್ರಿಸ್ಟ್ ಬೇರೆ, ಸೈಕಾಲಜಿಸ್ಟ್ ಬೇರೆ. ಅವರು ಮಾತ್ರೆ ಕೊಡೋ ಡಾಕ್ಟ್ರು. ಇವರು ಕೂರಿಸ್ಕೊಂಡು ಮಾತಾಡಿಸ್ತಾರೆ."

"ಮಾತಾಡ್ಸೋಕೆ ಮನೇಲಿ ನಾವೆಲ್ಲ ಇಲ್ವಾ?"

"ನಾವೇನು ಮಾತಾಡಿಸ್ತಿದೀವಿ? ಉಪ್ಪು ಬೇಕಾ, ಅನ್ನ ಹಾಕ್ಲಾ, ಅಷ್ಟೇ."

"ಬಾಯಿ ನೋಡು ಇವಳದು. ಓದಿಸಿದ್ದಕ್ಕೆ ಸಾರ್ಥಕ ಆಯ್ತು."

ಯಾರ ಬಗ್ಗೆ ಈ ಮಾತೋ ಅವನು ಎದ್ದು ಕೈ ತೊಳೆಯಲು ಹೋದ. ಬಚ್ಚಲಲ್ಲಿ ನಲ್ಲಿಯ ಸದ್ದು ಶುರುವಾಯಿತು.

ಸೈಕಾಲಜಿಸ್ಟ್ ಹುಡುಕುವ ಕೆಲಸ ಅಂದಿನಿಂದ ಶುರುವಾಯಿತು. ಮಗಳು ಫೋನಿನಲ್ಲಿ ಕೆದಕಿ ಕೆದಕಿ ಒಂದೊಂದೇ ನಂಬರು ಹೇಳುವಳು, ಅವಳಮ್ಮ ಒಂದೊಂದಕ್ಕೂ ಫೋನು ಮಾಡುವಳು. ಒಂದು ಕಡೆ ಬರೀ ಮಕ್ಕಳನ್ನು ನೋಡುತ್ತೇವೆ ಎಂದರು. ಇನ್ನೊಂದು ಕಡೆ ಗಂಡ ಹೆಂಡಿರ ಜಗಳ ಮಾತ್ರ, "ಜಗಳ ಏನಾದ್ರೂ ಇದೆಯಾ?" ಎಂದು ಅತ್ತಲಿಂದ ಆಸೆಯಿಂದ ಕೇಳಿದರು. ಮತ್ತೊಬ್ಬರು ಸಿಗುವುದು ಮುಂದಿನ ಮಳೆಗಾಲಕ್ಕೆ. ದೊಡ್ಡ ಆಸ್ಪತ್ರೆಯವರ ಫೋನಿನಲ್ಲಿ ಸಂಗೀತ ಕೇಳಿಸುತ್ತಲೇ ಇತ್ತು, ಮನುಷ್ಯರ ದನಿ ಬರಲೇ ಇಲ್ಲ. ಬೆಳಗಿನಿಂದ ಸಂಜೆವರೆಗೆ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆಬಟ್ಟೆಗೆ ಇಸ್ತ್ರಿ ಮಾಡಿ ಬಂದವಳಿಗೆ ಆ ಸಂಗೀತ ಕೇಳುತ್ತ ನಿಂತಲ್ಲೇ ತೂಕಡಿಕೆ ಬರುತ್ತಿತ್ತು.

ಮೇಷ್ಟ್ರು ಸುಮ್ಮನಿರುವ ಪೈಕಿಯಲ್ಲ. ತಮ್ಮ ಹಳೇ ಶಿಷ್ಯನೊಬ್ಬನನ್ನು ವಿಚಾರಿಸಿ, ಕನ್ನಡಕದಂಗಡಿಯ ಮಹಡಿಯ ಮೇಲೆ ಒಬ್ಬರಿದ್ದಾರೆ ಎಂದು ಸುದ್ದಿ ತಂದರು. ಸೊಸೆಯೂ ಜೊತೆಗೆ ಹೋಗಿ ನೋಡಿದಳು. ಗೋಡೆ ತುಂಬ ಹಾರ ಹಾಕಿಸಿಕೊಂಡ ಅವನದೇ ಫೋಟೋಗಳು. ಜ್ಞಾಪಕಶಕ್ತಿ ಹೆಚ್ಚಿಸುತ್ತಾನಂತೆ, ಅಕ್ಷರ ತಿದ್ದಿಸಿ ಹಣೆಬರಹ ಬದಲಿಸುತ್ತಾನಂತೆ, ಸಿಗರೇಟು ಬಿಡಿಸುತ್ತಾನಂತೆ.

"ಪತ್ರ ತಾನೇ? ಯಜಮಾನ್ರು ಬರೋದೇ ಬೇಡ. ನಾಳೆ ಬಂದು ತಗೊಂಡು ಹೋಗಿ" ಎಂದ ಆತ.

ಮೇಷ್ಟ್ರಿಗೆ ಬಹಳ ಹಿಡಿಸಿತು. ಮೆಟ್ಟಿಲು ಇಳಿಯುತ್ತ, "ನೋಡಮ್ಮ, ಎಷ್ಟು ಸಲೀಸು" ಎಂದರು.

"ಮಾವ, ನೋಡದೇ ಬರೆದುಕೊಡ್ತೀನಿ ಅಂತಾನೆ. ನೀವಾಗಿದ್ರೆ ಪರೀಕ್ಷೆಗೆ ಕೂರದವನಿಗೆ ಮಾರ್ಕ್ಸ್ ಹಾಕ್ತಿದ್ರಾ?"

ಈ ಮಾತು ಮಾತ್ರ ನಾಟಿತು. ಅವರು ನಕಲು ಹೊಡೆಸುವ ಮೇಷ್ಟ್ರಲ್ಲ. ಪರೀಕ್ಷೆಗೆ ಕೂರಿಸಿ ಪಾಸು ಮಾಡಿಸುವ ಮೇಷ್ಟ್ರು. ಮತ್ತೆ ಆ ಮಹಡಿಯ ಸುದ್ದಿ ಎತ್ತಲಿಲ್ಲ.

ಕೊನೆಗೆ ದಾರಿ ತೋರಿಸಿದವಳು ಸೊಸೆಯ ಲಾಂಡ್ರಿಯ ಜೋಡಿ ಕೆಲಸದವಳು. ಅಲ್ಲಿ ಹಾಸಿಗೆಬಟ್ಟೆ ಮಡಚಲು ಇಬ್ಬಿಬ್ಬರು ಬೇಕು. ಆ ತುದಿ ಇವಳು, ಈ ತುದಿ ಅವಳು ಹಿಡಿದು ಝಾಡಿಸಿ, ಎದುರುಬದುರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ಹತ್ತಿರ ಬಂದಾಗ ಎರಡು ಮಾತು, ದೂರ ಹೋದಾಗ ಮೌನ. ಅವರ ಸ್ನೇಹ ಬೆಳೆದದ್ದೇ ಹಾಗೆ ತುಂಡು ತುಂಡಾಗಿ.

"ನನ್ನ ತಂಗಿ ಹೆರಿಗೆ ಆದ್ಮೇಲೆ ಮಂಕಾಗಿದ್ಲಲ್ಲ," ಎಂದಳು ಜೋಡಿ ಹತ್ತಿರ ಬಂದಾಗ.

ದೂರ ಹೋಗಿ ಮತ್ತೊಂದು ಬಟ್ಟೆ ಹಿಡಿದು ಬಂದಾಗ ಮುಂದುವರಿಸಿದಳು. "ಸರ್ಕಾರಿ ಆಸ್ಪತ್ರೆ ಹಳೇ ಕಟ್ಟಡದಲ್ಲಿ ಒಬ್ಬರು ಮೇಡಂ ಇದಾರೆ. ಕಡಿಮೆ ಮಾತು. ಆದ್ರೆ ನಾವು ಹೇಳಿದ್ದನ್ನ ಪೂರ್ತಿ ಕೇಳಿಸ್ಕೋತಾರೆ."

"ಹುಷಾರಾದ್ಲಾ?"

"ಬೈಯೋಕೆ ಶುರು ಮಾಡಿದಾಳೆ ನಮ್ಮನ್ನೆಲ್ಲ. ಹುಷಾರಾಗಿದಾಳೆ."

ಎಷ್ಟೋ ದಿನದ ಮೇಲೆ ಸೊಸೆ ನಕ್ಕಳು. ವಾರದ ರಜೆಯ ದಿನ ಹೋಗಿ, ಬೆಂಚಿನ ಮೇಲೆ ಬೆನ್ನು ನೋಯುವವರೆಗೆ ಕಾದು, ಮೂರು ವಾರದಾಚೆಯ ಒಂದು ದಿನವನ್ನು ಗಂಡನ ಹೆಸರಿಗೆ ಹಿಡಿದುಕೊಂಡು ಬಂದಳು.

ದಿನ ಗೊತ್ತಾಯಿತು ಎಂದರೆ ಮೇಷ್ಟ್ರ ಲೆಕ್ಕದಲ್ಲಿ ಪರೀಕ್ಷೆಯ ವೇಳಾಪಟ್ಟಿ ಬಂತು ಎಂದೇ. ಮರುದಿನದಿಂದ ಅವರು ಬೆಳಗಿನ ತಿಂಡಿ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೈಯಲ್ಲೊಂದು ಬಿಸ್ಕತ್ತಿನ ಪೊಟ್ಟಣ ಹಿಡಿದು ಎಲ್ಲಿಗೋ ಹೋಗತೊಡಗಿದರು. ಎಲ್ಲಿಗೆಂದು ಗೊತ್ತಾಗಿದ್ದು ಅವರೇ ಊಟದ ಹೊತ್ತಿಗೆ ಬಾಯಿಬಿಟ್ಟಾಗ. ಆ ಹಳೇ ಕಟ್ಟಡದ ಬೆಂಚಿನ ಮೇಲೆ ಕೂತು, ಮೇಡಂ ಕೋಣೆಯಿಂದ ಹೊರಬಂದವರಿಗೆ ಬಿಸ್ಕತ್ತು ಚಾಚಿ, "ಏನಮ್ಮ, ಒಳಗೆ ಏನೇನು ಕೇಳಿದ್ರು?" ಎಂದು ವಿಚಾರಿಸುತ್ತಿದ್ದರಂತೆ. ಪರೀಕ್ಷೆಯ ಕೋಣೆಯ ಹೊರಗೆ ನಿಂತು ಪ್ರಶ್ನೆಪತ್ರಿಕೆ ವಿಚಾರಿಸಿ ಅಭ್ಯಾಸವಾದವರು. ಕಣ್ಣೊರೆಸಿಕೊಂಡು ಬಂದವರನ್ನೂ ಬಿಟ್ಟಿರಲಿಲ್ಲ.

"ಥೂ ತಾತ, ಅಸಹ್ಯ!" ಎಂದಳು ಮೊಮ್ಮಗಳು. "ಅವರ ಕಷ್ಟ ಅವರಿಗೆ. ಅಲ್ಲಿ ಹೋಗಿ ಮೂಗು ತೂರಿಸ್ತೀರಲ್ಲ."

"ಕಷ್ಟ ನಾನೆಲ್ಲಿ ಕೇಳ್ದೆ? ಪ್ರಶ್ನೆ ಕೇಳ್ದೆ. ನಾಲ್ಕು ಜನಕ್ಕೂ ಹೆಚ್ಚುಕಮ್ಮಿ ಅವೇ ಪ್ರಶ್ನೆ. ಬಹಳ ಸುಲಭದ ಪೇಪರು."

ಅಂದಿನಿಂದ ಸಂಜೆ ಊಟಕ್ಕೆ ಮುಂಚೆ ಮೇಜಿನ ಮೇಲೆ ಪಾಠ. ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತ ಸೊಸೆ ಕೇಳಿಸಿಕೊಳ್ಳುವಳು.

"ನಿದ್ರೆ ಬರುತ್ತಾ?"

"ಬರುತ್ತೆ."

"ಬರೀ ಬರುತ್ತೆ ಅಂದ್ರೆ ಅರ್ಧ ಮಾರ್ಕು. ಹತ್ತಕ್ಕೆ ಮಲಗಿದ್ರೆ ಬೆಳಗ್ಗೆ ಐದಕ್ಕೇ ಎಚ್ಚರ ಅನ್ನು. ನಡೆದಿದ್ದು ಮತ್ತೆ ಮತ್ತೆ ನೆನಪಾಗುತ್ತಾ?"

"ಮೊದಮೊದಲು ಆಗ್ತಿತ್ತು. ಈಗ ಇಲ್ಲ."

"ಭೇಷ್! ಪೂರ್ತಿ ಇಲ್ಲವೇ ಇಲ್ಲ ಅಂದ್ರೆ ಅವರು ನಂಬಲ್ಲ. ಮಸಿ ಚೆಲ್ಲಿದ ಹಾಗಿರೋ ಚಿತ್ರ ತೋರಿಸಿ, ಇದ್ರಲ್ಲಿ ಏನು ಕಾಣುತ್ತೆ ಅಂದ್ರೆ?"

"ಚಿಟ್ಟೆ."

"ಇನ್ನೊಂದು ತೋರಿಸಿದ್ರೆ?"

"ಅದೂ ಚಿಟ್ಟೆ."

"ಚಿಟ್ಟೆಗೆ ಯಾರೂ ತಕರಾರು ಮಾಡಲ್ಲ."

ಅವನು ತಲೆ ತಗ್ಗಿಸಿ ಕೇಳಿದಷ್ಟಕ್ಕೆ ಉತ್ತರ ಹೇಳುತ್ತಿದ್ದ. ಚಿಕ್ಕವನಿದ್ದಾಗ ಇದೇ ಮೇಜಿನ ಮುಂದೆ ಹೀಗೇ ಕೂತಿದ್ದನಂತೆ. ಸೊಸೆಗೆ ಇದು ಸರಿಯಲ್ಲ ಎಂದು ಗೊತ್ತಿತ್ತು. ತಡೆಯಬಹುದಿತ್ತು. ಆದರೆ ಅಡುಗೆ, ಲಾಂಡ್ರಿ, ಬಚ್ಚಲಿನ ನಲ್ಲಿ, ಅರ್ಧಕ್ಕಿಳಿದ ಸಂಬಳ, ಎಲ್ಲದರಿಂದ ಅವಳು ಬೇಸತ್ತಿದ್ದಳು. ಒಂದು ಸಲ ಕೆಲಸಕ್ಕೆ ಹೋಗಲಿ, ಹೋದರೆ ತಾನಾಗಿ ಸರಿಹೋಗುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ಸಂಜೆಯಂತೂ ಚಾಕು ಹಿಡಿದೇ ಹೊರಬಂದು, "ಹೊಟ್ಟೆಗೆ ಸೇರುತ್ತಾ ಅಂತಾನೂ ಕೇಳ್ತಾರೆ ಮಾವ. ಎರಡು ಸಲ ಬಡಿಸ್ಕೊಂಡು ಊಟ ಮಾಡ್ತೀನಿ ಅನ್ನಲಿ" ಎಂದುಬಿಟ್ಟಳು.

ಮಗಳು ಪುಸ್ತಕದಿಂದ ತಲೆಯೆತ್ತಿ ಅಮ್ಮನ ಮುಖವನ್ನೇ ನೋಡಿದಳು. "ನೀನೂನಾ ಅಮ್ಮ?"

"ನೀನು ಓದ್ಕೋ."

ಆ ವಾರದಲ್ಲೇ ಒಂದು ಬೆಳಗ್ಗೆ ಮಗಳು ಕಾಲೇಜಿಗೆ ಹೊರಟು, ಗೇಟಿನ ಹತ್ತಿರ ನಿಂತು ಎಂದಿನಂತೆ ಕೈಯೆತ್ತಿ ಟಾಟಾ ಮಾಡಿದಳು. ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಅಪ್ಪ ಲೋಟ ಕೈಬಿಟ್ಟು ಹೊಸ್ತಿಲ ಮೇಲೆ ಕುಸಿದು ಕೂತ. ಮುಖದಲ್ಲಿ ರಕ್ತವಿರಲಿಲ್ಲ. ಮಗಳು ಓಡಿ ಬಂದಳು. "ಏನಾಯ್ತಪ್ಪ?" ಎಂದರೆ, "ಏನಿಲ್ಲ, ಬಿಸಿ ಇತ್ತು" ಎಂದ. ಚೆಲ್ಲಿದ ಚಹಾ ಒರೆಸುವಾಗ ಸೊಸೆ ಮುಟ್ಟಿ ನೋಡಿದಳು. ಅದು ಆಗಲೇ ಆರಿ ತಣ್ಣಗಾಗಿತ್ತು. ಪಾಠದಲ್ಲಿ ಇದಕ್ಕೆ ಪ್ರಶ್ನೆಯೂ ಇರಲಿಲ್ಲ, ಉತ್ತರವೂ ಇರಲಿಲ್ಲ.

ಸರದಿಯ ದಿನ ಗಂಡ, ಹೆಂಡತಿ, ಮೇಷ್ಟ್ರು ಮೂವರೂ ಹೋದರು. ಆಸ್ಪತ್ರೆಯ ಜವಾನ ಮೇಷ್ಟ್ರನ್ನು ಕಂಡದ್ದೇ, "ಮತ್ತೆ ಬಂದ್ರಾ ಬಿಸ್ಕತ್ತಿನವರು!" ಎಂದ. ಮೇಷ್ಟ್ರು ಗೋಡೆಯ ಕಡೆ ನೋಡಿದರು. ಗಂಡ ಒಳಗೆ ಹೋದ. ಬಹಳ ಹೊತ್ತು ಬಾಗಿಲು ಮುಚ್ಚಿತ್ತು. ಮೇಷ್ಟ್ರು ಬೆಂಚಿನ ತುದಿಯಲ್ಲಿ ಕೂತು ತುಟಿ ಅಲ್ಲಾಡಿಸುತ್ತಿದ್ದರು. ಒಳಗಿನವನಿಗೆ ಹೊರಗಿನಿಂದಲೇ ಉತ್ತರ ಒಪ್ಪಿಸುವವರಂತೆ.

ಬಾಗಿಲು ತೆರೆಯಿತು. "ಮನೆಯವರು ಒಬ್ಬರು ಬನ್ನಿ" ಎಂದು ಮೇಡಂ ಅವಳನ್ನು ಕರೆದು ಎದುರು ಕೂರಿಸಿದರು. ತಲೆ ನರೆತ, ಕಣ್ಣ ಕೆಳಗೆ ದಣಿವಿದ್ದ ಹೆಂಗಸು. ಮೇಜಿನ ಮೇಲೆ ಬಿಚ್ಚದ ಊಟದ ಡಬ್ಬಿ ಇತ್ತು.

"ನಿಮ್ಮ ಯಜಮಾನ್ರು ಎಲ್ಲದಕ್ಕೂ ಚೆನ್ನಾಗಿ ಉತ್ತರ ಕೊಟ್ರು. ಇಷ್ಟು ಸಲೀಸಾಗಿ ಹೇಳೋರು ಕಡಿಮೆ. ಅವರ ಮಾತು ನೋಡಿದ್ರೆ ತಡೆಯೋಕೆ ನನಗೆ ಕಾರಣ ಇಲ್ಲ." ಪೆನ್ನು ಕೆಳಗಿಟ್ಟು ಕೇಳಿದರು. "ನೀವು ಜೊತೇಲಿ ಇರೋರು. ನಿಮಗೇನಾದ್ರೂ ಹೇಳೋದಿದೆಯಾ?"

ನಲ್ಲಿಯ ಸದ್ದು, ಹೊಸ್ತಿಲ ಮೇಲೆ ಚೆಲ್ಲಿದ ತಣ್ಣನೆಯ ಚಹಾ, ಪಕ್ಕದ ದಿಂಬಿನ ಎಚ್ಚರದ ಉಸಿರು, ಎಲ್ಲ ಒಟ್ಟಿಗೆ ನೆನಪಾಯಿತು. ಮೇಡಂ ಕಾಯುತ್ತಿದ್ದರು, ಅವಸರ ಮಾಡಲಿಲ್ಲ.

"ಏನಿಲ್ಲ ಮೇಡಂ. ಎಲ್ಲ ಸರಿಯಿದೆ" ಎಂದಳು ಅವಳು.

ಪತ್ರ ಸಿಕ್ಕಿತು. ಹೊರಗೆ ಬಂದೊಡನೆ ಮೇಷ್ಟ್ರು ಮಗನ ಬೆನ್ನು ತಟ್ಟಿದರು. "ಚಿತ್ರ ತೋರಿಸಿದ್ರಾ?"

"ಇಲ್ಲ ಅಪ್ಪ."

"ಛೆ, ಓದಿದ್ದೇ ಬರಲಿಲ್ಲ ನೋಡು. ಹೋಗ್ಲಿ, ಪಾಸಾಯ್ತಲ್ಲ!"

ಆ ಸಂಜೆ ಮನೆಯಲ್ಲಿ ಕೋಳಿ ಬೆಂದಿತು. ಮೇಷ್ಟ್ರು ತಮ್ಮ ಹಳೇ ಶಿಷ್ಯರ ಕಥೆಗಳನ್ನೆಲ್ಲ ಹೇಳಿ ತಾವೇ ನಕ್ಕರು. ಗಂಡ ಎರಡು ಸಲ ಬಡಿಸಿಕೊಂಡು ಊಟ ಮಾಡಿದ. ಪಾಠದಲ್ಲಿದ್ದದ್ದನ್ನೇ ಮಾಡುತ್ತಿದ್ದಾನೆಂದು ಅವಳಿಗೆ ಹೊಳೆಯಿತು. ಮಗಳು ತಲೆನೋವೆಂದು ಬೇಗ ಎದ್ದುಹೋದಳು.

ಅವನು ಹೆಲ್ಮೆಟ್ಟು ಹಿಡಿದು ಕೆಲಸಕ್ಕೆ ಹೊರಟ ದಿನ ಅವಳು ಲಾಂಡ್ರಿಯಲ್ಲಿ ಒಂದು ತುದಿ ಹಿಡಿದುಕೊಂಡಿದ್ದಾಗಲೇ ಮ್ಯಾನೇಜರನ ಫೋನು ಬಂತು. ಜೋಡಿ ಆ ಕಡೆಯ ತುದಿ ಹಿಡಿದು ಹಾಗೇ ನಿಂತಳು.

"ಗಾಬರಿ ಆಗ್ಬೇಡಿ ಮೇಡಂ, ಜೀವಕ್ಕೇನಿಲ್ಲ. ಹತ್ತಿದ್ರು, ಕೂತ್ರು. ಎರಡು ಸಲ ಎತ್ತಿ ಇಳಿಸಿದ್ರು ಕೂಡ. ಆಮೇಲೆ ಕೆಳಗೆ ಹೊಸ ಹುಡುಗ ನಿಲ್ಲಿಸಿ ಅಂತ ಕೈಯೆತ್ತಿದ ನೋಡಿ, ಅಷ್ಟೇ. ನಿಂತೇ ಹೋಯ್ತು. ಆ ಹೊತ್ತಿನಿಂದ ಮೇಲೆ ಹಾಗೇ ಕೂತಿದಾರೆ. ವಾಕಿಟಾಕೀಲಿ ಕರೆದ್ರೂ ಮಾತಿಲ್ಲ. ಈಗ ಇಬ್ಬರನ್ನ ಹತ್ತಿಸಿದೀನಿ, ಕರ್ಕೊಂಡು ಬರೋಕೆ."

"ಕೈಯೆತ್ತಿದ್ದಕ್ಕಾ?"

"ಅವತ್ತು ಆ ಪುಣ್ಯಾತ್ಮನೂ ಕೊನೆಗೆ ಮಾಡಿದ್ದು ಅದೇ ಸನ್ನೆ ಅಲ್ವಾ ಮೇಡಂ. ನಿಮಗೆ ಅವರು ಹೇಳಿಲ್ವಾ?"

ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಅವಳ ಕೈಯಿಂದ ಬಟ್ಟೆಯ ತುದಿ ಜಾರಿ ಒದ್ದೆ ನೆಲದ ಮೇಲೆ ಬಿತ್ತು. ಒಗೆದದ್ದನ್ನು ಮತ್ತೆ ಒಗೆಯಬೇಕಾಯಿತು. ಜೋಡಿ ಅದನ್ನು ಸುತ್ತಿ ಎತ್ತಿಕೊಂಡು ಹೋದಳು.

ಮಧ್ಯಾಹ್ನ ಅವನನ್ನು ಯಾರೋ ಮನೆಗೆ ತಂದು ಬಿಟ್ಟರು. ಹೆಲ್ಮೆಟ್ಟು ತಲೆಯ ಮೇಲೆಯೇ ಇತ್ತು. ಅವಳೇ ಪಟ್ಟಿ ಬಿಚ್ಚಿ ತೆಗೆದಳು, ಮುಖ ಒರೆಸಿದಳು, ಮಲಗಿಸಿ ಕದ ಮುಂದೆ ಮಾಡಿ ಹೊರಬಂದಳು. ವಿಷಯ ಕೇಳಿದ ಮಗಳು ಅಡುಗೆಮನೆಯ ಬಾಗಿಲಿಗೊರಗಿ ಅತ್ತಳು. "ಅವತ್ತು ನಾನು ಟಾಟಾ ಮಾಡಿದ್ನಲ್ಲಮ್ಮ."

ಮೇಷ್ಟ್ರು ಮೇಜಿನ ಮುಂದೆ ಒಬ್ಬರೇ ಕೂತಿದ್ದರು. ಸೊಸೆ ಬಂದಾಗ ತಲೆಯೆತ್ತಿ, "ಎಲ್ಲಿ ತಪ್ಪಾಯ್ತಮ್ಮ? ಯಾವ ಪ್ರಶ್ನೆ ಬಿಟ್ಟುಬಿಟ್ವಿ?" ಎಂದರು.

ಇಷ್ಟು ವಾರ ತಡೆದುಕೊಂಡಿದ್ದ ಅವಳ ಸಹನೆಯ ಕಟ್ಟೆ ಅಲ್ಲಿಗೆ ಒಡೆಯಿತು.

"ಪರೀಕ್ಷೆ ಅಲ್ಲ ಮಾವ ಅದು! ಸುಳ್ಳು ಹೇಳೋದನ್ನ ಕಲಿಸಿದ್ವಿ. ಮಲಗೋಕಾಗದವನಿಗೆ ಮಲಗ್ತೀನಿ ಅನ್ನು ಅಂದ್ವಿ. ನೀವು ಕಲಿಸಿದ್ರಿ, ನಾನು ಒಗ್ಗರಣೆ ಹಾಕ್ದೆ. ಮೇಲಿಂದ ಬಿದ್ದಿದ್ರೆ?"

"ನಾನು ಅವನಿಗೆ ಕೆಟ್ಟದ್ದು ಬಯಸ್ತೀನಾ?"

"ಇಲ್ಲ. ನಾನೂ ಬಯಸಲ್ಲ. ಅದಕ್ಕೇ ಇನ್ನೂ ಸಂಕಟ."

"ನನಗೆ ಇಷ್ಟೇನಮ್ಮ ಗೊತ್ತಿರೋದು" ಎಂದರು ಮೇಷ್ಟ್ರು. ದನಿ ಸಣ್ಣಗಾಗಿತ್ತು. "ಜೀವಮಾನವೆಲ್ಲ ಇಷ್ಟೇ ಮಾಡಿದ್ದು."

ಬೈದು ಗೆಲ್ಲುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ಒಲೆ ಹಚ್ಚಿ ಅನ್ನಕ್ಕಿಟ್ಟಳು.

ಮರುದಿನ ರಜೆ ಹಾಕಿ ಅವಳೊಬ್ಬಳೇ ಹಳೇ ಕಟ್ಟಡಕ್ಕೆ ಹೋದಳು. ಎಲ್ಲರದೂ ಮುಗಿಯುವವರೆಗೆ ಬೆಂಚಿನ ಮೇಲೆ ಕಾದಳು. ಮೇಡಂ ಊಟದ ಡಬ್ಬಿ ಬಿಚ್ಚುತ್ತಿದ್ದರು. ಇವಳನ್ನು ನೋಡಿ ಮುಚ್ಚಿಟ್ಟರು.

"ಅವತ್ತು ನೀವು ಕೇಳಿದ್ರಿ, ಏನಾದ್ರೂ ಹೇಳೋದಿದೆಯಾ ಅಂತ. ಇತ್ತು ಮೇಡಂ. ನಾನು ಸುಳ್ಳು ಹೇಳಿದೆ" ಎಂದಳು. ಒಂದು ಸಲ ಬಾಯಿ ಬಿಟ್ಟದ್ದೇ ನಿಲ್ಲಿಸಲಾಗಲಿಲ್ಲ. ಬಿಸ್ಕತ್ತು, ಚಿಟ್ಟೆ, ಎರಡು ಸಲದ ಊಟ, ಗಾಜಿನ ಗೂಡು, ಎಲ್ಲ ಹೇಳಿದಳು. ಮೇಡಂ ಬೈಯುತ್ತಾರೆಂದುಕೊಂಡಿದ್ದಳು. ಅವರು ಕನ್ನಡಕ ತೆಗೆದು ಎರಡೂ ಕಣ್ಣನ್ನು ಒತ್ತಿಕೊಂಡರು.

"ನಾನೂ ಇನ್ನೊಂದು ಸಲ ಕರೆಸಬೇಕಿತ್ತು. ಹೊರಗೆ ಅಷ್ಟು ಜನ ಕೂತಿದ್ರು." ಪತ್ರ ವಾಪಸು ತೆಗೆದುಕೊಂಡರು, ಕಂಪನಿಗೆ ತಾವೇ ಮಾತಾಡುತ್ತೇನೆ ಎಂದರು. "ಇನ್ಮೇಲೆ ಪ್ರತಿವಾರ ಬರಬೇಕಾಗುತ್ತೆ. ಬಹಳ ದಿನ ಹಿಡಿಯಬಹುದು. ಮತ್ತೆ ಹತ್ತುತಾರೋ ಇಲ್ಲವೋ ಅಂತ ನಾನು ಈಗ ಹೇಳೋಕಾಗಲ್ಲ. ಮೊದಲ ಸರದಿ ಸಿಗೋದು ಮುಂದಿನ ವಾರದಾಚೆ."

"ಅಲ್ಲೀವರೆಗೂ ನಾವೇನು ಮಾಡೋದು?"

"ಏನೂ ಹೇಳಿಕೊಡಬೇಡಿ. ಅಷ್ಟು ಸಾಕು."

ಮನೆಗೆ ಬಂದು ಊಟಕ್ಕೆ ಬಡಿಸುವಾಗ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗಂಡ ಕೇಳಿಸಿಕೊಂಡ. ಮೇಷ್ಟ್ರೂ ಕೇಳಿಸಿಕೊಂಡರು. ಮುಂದಿನ ದಿನಗಳಲ್ಲಿ ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡವರಂತೆ ಇದ್ದುಬಿಟ್ಟರು. ದಿನಪತ್ರಿಕೆಯ ತಪ್ಪು ಹುಡುಕಲಿಲ್ಲ, ಮೊಮ್ಮಗಳ ಬಟ್ಟೆಯ ತಂಟೆಗೆ ಹೋಗಲಿಲ್ಲ. ಬೈಸಿಕೊಳ್ಳದೆ ಬೇಜಾರಾಗಿ ಅವಳೇ, "ತಾತ, ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದಳು. ಮನೆಯಲ್ಲಿ ಈಗ ಮಗನ ಕಣ್ಣೆದುರು ಯಾರೂ ಕೈ ಮೇಲೆತ್ತುತ್ತಿರಲಿಲ್ಲ. ಅಡುಗೆಮನೆಯ ಮೇಲಿನ ಗೂಡಿನ ಡಬ್ಬಿ ಬೇಕಾದರೆ ಅವನು ಬಚ್ಚಲಿಗೆ ಹೋಗುವವರೆಗೆ ಕಾಯುವರು. ಮಗಳು ಗೇಟಿನಲ್ಲಿ ನಿಂತು ಬರೀ ಬಾಯಲ್ಲಿ, "ಬರ್ತೀನಪ್ಪ" ಎಂದು ಹೋಗುವಳು.

ಹಾಗಿರುವಾಗ ಒಂದು ಸಂಜೆ ನಾಲ್ವರೂ ಊಟಕ್ಕೆ ಕೂತಿದ್ದರು. ಅವನು ಅನ್ನ ಕಲಸುತ್ತಿದ್ದ. ಮೇಷ್ಟ್ರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗಂಟಲು ಸರಿಮಾಡಿಕೊಂಡು, ಹಳೇ ದನಿಯಲ್ಲೇ ಕೇಳಿದರು.

"ನಿದ್ರೆ ಬರುತ್ತಾ?"

ಮತ್ತೆ ಶುರುಮಾಡಿದರಲ್ಲ ಎಂದು ಸೊಸೆ, "ಮಾವ!" ಎಂದಳು. ಅವರು ಅವಳ ಕಡೆ ನೋಡಲಿಲ್ಲ.

"ಬರುತ್ತೆ ಅಪ್ಪ," ಎಂದ ಮಗ. ತಲೆ ತಗ್ಗಿಸಿಯೇ ಇದ್ದ. "ಹತ್ತಕ್ಕೆ ಮಲಗಿದ್ರೆ ಬೆಳಗ್ಗೆ ಐದಕ್ಕೇ ಎಚ್ಚರ."

"ತಪ್ಪು" ಎಂದರು ಮೇಷ್ಟ್ರು.

ಮಗ ತಲೆಯೆತ್ತಿದ.

"ನಾನು ತಪ್ಪು ಹೇಳಿಕೊಟ್ಟಿದ್ದೆ ಮಗ. ಮತ್ತೆ ಕೇಳ್ತೀನಿ. ನಿದ್ರೆ ಬರುತ್ತಾ?"

ಅವನ ಬೆರಳು ಅನ್ನದಲ್ಲಿ ನಿಂತಿತು. ಬಡಿಸಲು ಎದ್ದಿದ್ದ ಸೊಸೆ ಬೇಳೆಯ ಪಾತ್ರೆ ಹಿಡಿದು ನಿಂತಲ್ಲೇ ನಿಂತಿದ್ದಳು. ಕೈ ಸುಡುತ್ತಿದ್ದರೂ ಕೆಳಗಿಡುವುದು ತೋಚಲಿಲ್ಲ.

"ಇಲ್ಲ" ಎಂದ ಅವನು.

"ಹ್ಞಾಂ. ನೆನಪಾಗುತ್ತಾ?"

"ಬೇರೆ ಏನೂ ನೆನಪಾಗಲ್ಲ ಅಪ್ಪ. ಅವನು ಕೈಯೆತ್ತಿದ. ನಿಲ್ಸು ಅಂತ. ನಾನು ನಿಲ್ಸಿದೆ. ತಕ್ಷಣ ನಿಲ್ಸಿದೆ. ಒಂದು ಚೂರೂ ತಡ ಮಾಡಿಲ್ಲ. ನಾನು ನಿಲ್ಸಿದೀನಿ ಅಂತ ಅವನಿಗೂ ಗೊತ್ತು, ಅದಕ್ಕೇ ಧೈರ್ಯವಾಗಿ ಅಲ್ಲೇ ನಿಂತಿದ್ದ. ಕೈ ಇನ್ನೂ ಮೇಲೇ ಇತ್ತು. ಆಮೇಲೆ ಹೊರೆ ಬಿತ್ತು." ಅವನು ಎಂಜಲು ಕೈ ಹಿಡಿದುಕೊಂಡೇ ಅಪ್ಪನ ಮುಖ ನೋಡಿದ. "ನಾನು ಸರಿಯಾಗೇ ಮಾಡಿದ್ನಲ್ಲಪ್ಪ. ಏನೂ ತಪ್ಪು ಮಾಡಿಲ್ಲ. ಮತ್ತೆ ಯಾಕೆ ಹಾಗಾಯ್ತು?"

ಜೀವಮಾನದಲ್ಲಿ ಪಾಸ್ ಮೇಷ್ಟ್ರು ಒಂದು ಪ್ರಶ್ನೆಯನ್ನೂ ಖಾಲಿ ಬಿಡಲು ಬಿಟ್ಟವರಲ್ಲ. ಗೊತ್ತಿಲ್ಲದಿದ್ದರೂ ಏನಾದರೂ ಬರಿ ಎನ್ನುತ್ತಿದ್ದವರು. ಅವರ ಬಾಯಿ ತೆರೆಯಿತು. ಏನೋ ಒಂದು ಉತ್ತರ ನಾಲಗೆಯ ತುದಿಗೆ ಬಂದು ಹಿಂದೆ ಹೋದದ್ದು ಸೊಸೆಗೆ ಕಂಡಿತು.

"ಗೊತ್ತಿಲ್ಲ ಮಗ" ಎಂದರು. "ಇದು ನನಗೆ ಗೊತ್ತಿಲ್ಲ."

ಮಗ ಅಳತೊಡಗಿದ. ದೊಡ್ಡ ಗಂಡಸು, ಕಲಸಿದ ಅನ್ನದಲ್ಲಿ ಕೈ ಇಟ್ಟುಕೊಂಡೇ ಅತ್ತ. ಮೇಷ್ಟ್ರು ಅವನ ತಲೆ ಸವರಲೆಂದು ಕೈಯೆತ್ತಿದರು. ಅರ್ಧಕ್ಕೇ ನೆನಪಾಯಿತು. ಕೈ ಇಳಿಸಿ, ಮೇಜಿನ ಮೇಲೆಯೇ ಮೆಲ್ಲಗೆ ಸರಿಸುತ್ತ, ನೀರಿನ ಲೋಟ ದಾಟಿಸಿ, ಉಪ್ಪಿನ ಬಟ್ಟಲು ದಾಟಿಸಿ, ತಟ್ಟೆಯಲ್ಲಿದ್ದ ಅವನ ಎಂಜಲು ಕೈಯ ಮೇಲೆ ಇಟ್ಟರು. ಅನ್ನ ಆರುತ್ತಿತ್ತು. ತಿನ್ನಿ ಎಂದು ಆ ದಿನ ಯಾರೂ ಹೇಳಲಿಲ್ಲ.